ಸಾಹುಕಾರನ ಗಾಳಿ

“ಯಾವ ಮುಂಡೇದೇ ಅದು ಒಳಗೆ ಕೆಮ್ಮಿದ್ದು?”

ಹೊಸ ಮನೆಯ ನಡುಕೋಣೆಯಲ್ಲಿ ನಿಂತು ಸಾಹುಕಾರ ಕೂಗಿದ. ಅವನ ಅಂಗೈಯಲ್ಲಿ ಗಾಳಿ ಅಳೆಯುವ ಪುಟ್ಟ ಯಂತ್ರ. ಅದರ ಹಸಿರು ದೀಪ ಹಳದಿಗೆ ತಿರುಗಿತ್ತು.

ಕೆಮ್ಮಿದವಳು ಮುದುಕಿ. ಗೋಡೆಯ ಕೊನೇ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಗೋಡೆಗೆ ಮೆತ್ತಿದ ಬಿಳೀ ಪುಟ್ಟಿಯನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದಳು. ರೆಪ್ಪೆ, ಹುಬ್ಬು, ಕಿವಿಯೊಳಗಿನ ಕೂದಲು ಎಲ್ಲ ಬೆಳ್ಳಗೆ. ಪಕ್ಕದ ಏಣಿಯ ಮೇಲೆ ಅವಳ ಸೊಸೆ ಇದ್ದಳು, ಅವಳೂ ಅಷ್ಟೇ ಬೆಳ್ಳಗೆ.

“ಇದು ಶುದ್ಧ ಗಾಳಿ ಮನೆ ಕಣೇ! ಇರುವೆ ಉಸಿರೂ ಒಳಗೆ ಬರದಂಗೆ ಕಟ್ಸಿದೀನಿ. ಸಾಯಂಕಾಲ ಪರೀಕ್ಷೆ ಮಾಡೋರು ಬರ್ತಾರೆ. ನಿನ್ ಗೊರಗೊರ ಕೆಮ್ಮು ಗೋಡೆಗೆ ಅಂಟ್ಕೊಂಡ್ರೆ ಯಾವನ್ ಕೊಂಡ್ಕೋತಾನೆ?”

“ಕೆಮ್ಮು ನಂದಲ್ಲ ಸಾವ್ಕಾರ್ರೇ, ನಿಮ್ ಗೋಡೇದು,” ಅಂದಳು ಮುದುಕಿ. “ಉಜ್ಜುವಾಗ ಒಳಗ್ ಹೋಗಿತ್ತು, ವಾಪಸ್ ಕೊಡ್ತಿದೀನಿ.”

ಸೊಸೆ ತುಟಿ ಕಚ್ಚಿ ಗೋಡೆಯ ಕಡೆ ತಿರುಗಿದಳು. ಸಾಹುಕಾರ ಇಬ್ಬರನ್ನೂ ನಾಯಿ ಅಟ್ಟಿದ ಹಾಗೆ ಹೊರಗೆ ಅಟ್ಟಿದ.

ಹೊರಗೆ ಅಂದರೆ ಹಿತ್ತಿಲಿನ ತಗಡಿನ ಶೆಡ್ಡುಗಳು. ಕೆಲಸದವರೆಲ್ಲ ಇದ್ದದ್ದು ಅಲ್ಲಿಯೇ. ಕಿಟಕಿಯಿಲ್ಲ, ಪಕ್ಕದಲ್ಲೇ ಕಲ್ಲು ಕೊಯ್ಯುವ ಯಂತ್ರ. ಕಲ್ಲಿನ ಹುಡಿ ಅನ್ನದ ಮೇಲೂ ಕೂರುತ್ತಿತ್ತು, ಹಾಸಿಗೆಯ ಮೇಲೂ ಕೂರುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಮುದುಕಿ ಗೋಡೆಗೊರಗಿ ಕೂತೇ ನಿದ್ದೆ ಮಾಡುವುದನ್ನು ಕಲಿತಿದ್ದಳು. ಎದೆ ಕೊಳಲಿನ ಹಾಗೆ ಕುಯ್ಯೆನ್ನುತ್ತಿತ್ತು. “ಪುಕ್ಕಟೆ ಸಂಗೀತ, ಕೇಳ್ಕೊಂಡ್ ಮಲ್ಕೊಳ್ರೇ” ಅಂತ ಅವಳೇ ನಗಿಸುತ್ತಿದ್ದಳು.

ಸೊಸೆ ಒಲೆ ಹಚ್ಚಿ ಅನ್ನಕ್ಕಿಟ್ಟಳು. ಅನ್ನ ಕುದಿ ಬರುವಷ್ಟರಲ್ಲಿ ಸಾಹುಕಾರ ಮೇಸ್ತ್ರಿಯನ್ನು ಜೊತೆಗೆ ಕಟ್ಟಿಕೊಂಡು ಬಂದ.

“ಒಲೆ ಯಾವಳು ಹಚ್ಚಿದ್ದು? ಹೊಗೆ ಎಲ್ಲಾ ಗಾಳಿ ಸೋಸೋ ನನ್ ಮಾಡಿನ ಫ್ಯಾನಿಗೆ ಹೋಗ್ತಿದೆ!”

“ಒಂದ್ ಗಳಿಗೆ ತಡೀರಿ, ಬೆಂದೇ ಹೋಯ್ತು,” ಅಂದಳು ಸೊಸೆ.

“ನೀರ್ ಸುರಿಯೋ.”

ಮೇಸ್ತ್ರಿ ಅತ್ತ ಇತ್ತ ನೋಡಿದ. ಆಮೇಲೆ ಬಕೆಟ್ಟು ಎತ್ತಿ ಸುರಿದೇಬಿಟ್ಟ. ಬೂದಿ ಭುಸ್ಸೆಂದು ಎದ್ದು ತಗಡಿನ ಗೂಡನ್ನೆಲ್ಲ ತುಂಬಿತು. ಅರೆಬೆಂದ ಅನ್ನ ಮಣ್ಣುಪಾಲಾಯಿತು.

“ಈ ಗೂಡುಗಳನ್ನೂ ಕಿತ್ತಾಕು. ಬರೋರ ಕಣ್ಣಿಗೆ ಈ ದರಿದ್ರ ಬೀಳಬಾರದು.”

ಮೊದಲ ತಗಡು ಕೆಳಗೆ ಬಿತ್ತು. ಬೂದಿಯೊಳಗಿಂದ ಮುದುಕಿಯ ಕೈಯೊಂದು ಗಾಳಿಯಲ್ಲಿ ತಡಕಾಡಿತು. ಬಾಯಿ ತೆರೆದಿತ್ತು, ಕಣ್ಣು ಮೇಲಕ್ಕೆ ಹೊರಳಿತ್ತು. ಬೈಗುಳ ಮಾತ್ರ ಬರಲಿಲ್ಲ. ಸೊಸೆಯ ಜೀವ ಬಾಯಿಗೆ ಬಂದದ್ದು ಅದಕ್ಕೇ. ಇಂಥಾ ಹೊತ್ತಲ್ಲಿ ಬೈಯದೆ ಬಿಡುವ ಜನ್ಮವಲ್ಲ ಅದು.

ಅವಳು ಅತ್ತೆಯನ್ನು ಸಿಮೆಂಟು ಚೀಲದ ಹಾಗೆ ಹೆಗಲಿಗೆ ಹಾಕಿಕೊಂಡಳು. ಮೇಸ್ತ್ರಿ ಅಡ್ಡ ಬರಲಿಲ್ಲ, ಕಾಲಬುಡ ನೋಡುತ್ತ ನಿಂತ. ಹಿಂಬಾಗಿಲಿಂದ ಹೊಸ ಮನೆಗೆ ನುಗ್ಗಿದವಳೇ ಚಿಲಕ ಎಳೆದಳು. ಓಡಿಹೋಗಿ ಮುಂಬಾಗಿಲಿನದನ್ನೂ ಎಳೆದಳು.

ಒಳಗೆ ನಿಶ್ಶಬ್ದ. ಮಾಡಿನ ಫ್ಯಾನು ಗಾಳಿಯನ್ನು ಸೋಸಿ ಸೋಸಿ ಒಳಗೆ ಬಿಡುತ್ತಿತ್ತು. ಸೊಸೆ ಅತ್ತೆಯ ಬೆನ್ನು ನೀವುತ್ತ ಕೂತಳು. ಕುಯ್ಯೆನ್ನುವ ಎದೆ ಏರಿತು, ಇಳಿಯಿತು, ಮತ್ತೆ ಏರಿತು. ಎಷ್ಟೋ ಹೊತ್ತಿನ ಮೇಲೆ ಒಣಗಿದ ತುಟಿ ಅಲ್ಲಾಡಿತು.

“ಬೋಳೀಮಗ.”

ಸೊಸೆಗೆ ಹೋದ ಜೀವ ಬಂದಂತಾಯಿತು. ಅಳು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ.

ಮುದುಕಿ ಮೆಲ್ಲಗೆ ಜಾರಿ, ತಣ್ಣನೆಯ ನೆಲದ ಮೇಲೆ ಕೈಕಾಲು ಚಾಚಿ ಅಂಗಾತ ಮಲಗಿದಳು. ಉಸಿರು ಕಟ್ಟಲಿಲ್ಲ.

ಕಿಟಕಿಯ ದಪ್ಪ ಗಾಜಿಗೆ ಸಾಹುಕಾರ ಮುಖ ಒತ್ತಿದ್ದ. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

“ಏನಂತಾನೆ?”

“ಕೇಳಿಸ್ತಿಲ್ಲ ಅತ್ತೆ. ಅವ್ನ ಬೈಗುಳಾನೂ ಒಳಗೆ ಬರ್ತಿಲ್ಲ.”

“ಪರವಾಗಿಲ್ಲ, ಮನೆ ಚೆನ್ನಾಗೇ ಕಟ್ಟಿದೀವಿ,” ಅನ್ನುತ್ತ ಮುದುಕಿ ಒಂದು ದೊಡ್ಡ ಹೂಸು ಬಿಟ್ಟಳು. “ಮಾಡ್ಲಿ ಈಗ ಪರೀಕ್ಷೆ.”

ಅಷ್ಟರಲ್ಲಿ ಮುಂಬಾಗಿಲಿಗೆ ಹಾರೆ ಬಿತ್ತು. ಸದ್ದು ಕೇಳಿಸಲಿಲ್ಲ, ನೆಲ ನಡುಗಿತು. ಗೇಟಿನ ಹತ್ತಿರ ಪರೀಕ್ಷೆಯವರ ಕಾರು ಬಂದು ನಿಂತಿತು.

ಹಿಂಬಾಗಿಲ ಗಾಜಿನ ಮೇಲೆ ಒಂದು ಬಿಳೀ ಅಂಗೈ ಕಾಣಿಸಿತು. ಅದರ ಪಕ್ಕ ಇನ್ನೊಂದು. ಪುಟ್ಟಿ ಉಜ್ಜುವ ಹೆಂಗಸರು, ಕಲ್ಲು ಹೊರುವ ಹೆಂಗಸರು, ತಲೆಯ ಮೇಲೆ ಗಂಟು, ಕಂಕುಳಲ್ಲಿ ಚಾಪೆ. ಅವರ ಹಿಂದೆ ಶೆಡ್ಡುಗಳಿದ್ದ ಜಾಗದಲ್ಲಿ ಬರೀ ಧೂಳು.

ಸೊಸೆ ಅತ್ತೆಯ ಮುಖ ನೋಡಿದಳು. ಚಿಲಕ ತೆಗೆದಳು.

ಮುಂಬಾಗಿಲಿಗೆ ಹಾರೆ ಮತ್ತೆ ಬಿತ್ತು. ಹೆಂಗಸರು ಹೊಸ್ತಿಲಲ್ಲಿ ಕಾಲಿಡಲು ಅನುಮಾನಿಸಿ ನಿಂತರು. ಮುದುಕಿ ಮೊಣಕೈ ಊರಿ ತಲೆ ಎತ್ತಿದಳು.

“ಚಪ್ಪಲಿ ಹೊರಗ್ ಬಿಟ್ಟು ಬನ್ರೇ ಹಡಬೆಗಳಾ, ಸಂಸಾರಸ್ಥರ ಮನೆ ಇದು!”