ಹನ್ನೊಂದು ಚೀಟಿ

"ಓರೆ ಮಾಡ್ರೋ, ಓರೆ! ಕಾಲು ಸಿಕ್ಕಾಕೊಂಡಿದೆ" ಎಂದು ಮೈದುನ ಕೂಗುತ್ತಿದ್ದ. ಆಸ್ಪತ್ರೆಯಿಂದ ಬರುವ ಅಣ್ಣನ ದೇಹ ಮಲಗಿಸಲು ಜಾಗ ಬೇಕೆಂದು ನಡುಮನೆಯ ಸೋಫಾವನ್ನು ಹೊರಗೆ ಸಾಗಿಸುತ್ತಿದ್ದರು. ಅದೋ ಬಾಗಿಲಲ್ಲೇ ಹಟ ಹಿಡಿದು ಕೂತಿತ್ತು. ಸತ್ತವನ ಹೆಂಡತಿ ಗೋಡೆಗೊರಗಿ ನೋಡುತ್ತಿದ್ದಳು. ಅವನಿದ್ದಿದ್ದರೆ ಮೊದಲೇ ಅಳತೆ ತೆಗೆದಿರುತ್ತಿದ್ದ. ಅಳೆಯದೆ ಒಂದು ಹೆಜ್ಜೆ ಇಟ್ಟ ಆಸಾಮಿಯಲ್ಲ.

ಮೂವತ್ತೆರಡು ವರ್ಷ ಊರಿನ ಲೈಬ್ರರಿಗೆ ಯಾವ ಪುಸ್ತಕ ಬರಬೇಕು, ಯಾವುದು ಬೇಡ ಎಂದು ತೀರ್ಮಾನಿಸಿದವನು ಅವನು. ದೇಹ ಬಂದು, ಜನ ಸೇರಿದ ಮೇಲೆ ಎಲ್ಲರ ಬಾಯಲ್ಲೂ ಅದೇ ಮಾತು. ಮೆಡಿಕಲ್ ಕಾಲೇಜಿನ ಲೈಬ್ರರಿ ನೋಡಿಕೊಳ್ಳುತ್ತಿದ್ದ ಹಳೆಯ ಗೆಳೆಯ ಮೈದುನನ ಪಕ್ಕ ಕುರ್ಚಿ ಎಳೆದುಕೊಂಡ.

"ನಮ್ದು ಬಿಡಿ, ಸುಲಭ. ಒಬ್ಬ ಡಾಕ್ಟರು ಬೇಕು ಅಂದ್ರೆ ಸಾಕು, ಇನ್ನೊಬ್ಬ ಮುಟ್ಟದೇ ಇದ್ರೂ ತರಿಸ್ತೀವಿ. ಇವನದು ಊರಿಗೆಲ್ಲ ಸೇರಿದ್ದು. ಐದು ಜನ ಬೇಕು ಅಂತ ಚೀಟಿ ಬರೆದು ಹಾಕಿದ್ರೇನೇ ಪುಸ್ತಕ."

*

ಇಪ್ಪತ್ತು ವರ್ಷದ ಹಿಂದೆ ಅವಳೊಂದು ಕಾದಂಬರಿ ಬರೆದಿದ್ದಳು. ಅಡುಗೆಮನೆಯಲ್ಲಿ, ಹಾಲು ಉಕ್ಕುವುದರೊಳಗೆ ನಾಲ್ಕು ಸಾಲು, ಬೇಳೆ ಬೇಯುವುದರೊಳಗೆ ಅರ್ಧ ಪುಟ. ಮುನ್ನೂರು ಪ್ರತಿ ಅಚ್ಚಾಗಿ ಮನೆಗೆ ಬಂದವು. ಗಂಡ ಓದಿ ಚೆನ್ನಾಗಿದೆ ಎಂದ. ಲೈಬ್ರರಿಗೆ ಮಾತ್ರ, "ಐದು ಚೀಟಿ ಬರಲಿ. ಹೆಂಡತಿ ಅಂತ ನಿಯಮ ಮುರಿಯೋಕಾಗತ್ತಾ?"

ನ್ಯಾಯವಾದ ಮಾತೇ. ಅವಳು ಕಾದಳು. ಸಂಜೆ ಅವನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು.

"ಯಾರಾದ್ರೂ ಕೇಳಿದ್ರಾ?"

"ಇಲ್ಲ ಕಣೇ."

ಎರಡು ವರ್ಷ ಹೀಗೇ ಕೇಳಿ ಬಾಯಿ ಮುಚ್ಚಿಕೊಂಡಳು. ಎರಡನೆಯ ಕಾದಂಬರಿ ಅರ್ಧಕ್ಕೆ ಬಂದಿತ್ತು. ಯಾರಿಗೂ ಬೇಡದ್ದನ್ನು ಬರೆದು ಯಾವ ಸುಖ ಎಂದು ಒಲೆಗೆ ಹಾಕಿದಳು. ಅಚ್ಚಾಗಿದ್ದನ್ನು, ತನಗೊಂದು ಪ್ರತಿಯನ್ನೂ ಇಟ್ಟುಕೊಳ್ಳದೆ, ಹಳೇ ಪೇಪರಿನವನಿಗೆ ಕೊಟ್ಟಳು. ಅವನು ತಕ್ಕಡಿ ನೋಡಿದ, ಪುಸ್ತಕ ನೋಡಲಿಲ್ಲ.

*

"ಅವನ ನಿಷ್ಠೆ ಎಂಥದ್ದು ಗೊತ್ತಾ?" ಗೆಳೆಯನ ಕಣ್ಣು ಒದ್ದೆಯಾಗಿತ್ತು. "ಇವರ ಕಾದಂಬರಿಗೆ ಹನ್ನೊಂದು ಚೀಟಿ ಬಂದಿದ್ವು. ಹನ್ನೊಂದು! ನಾನೇ ಕಣ್ಣಾರೆ ನೋಡಿದೀನಿ. ಆದ್ರೂ ತಗೊಳ್ಳಲಿಲ್ಲ, ಮಹಾರಾಯ. ನಾಳೆ ಯಾರೂ ನನ್ನ ಕಡೆ ಬೊಟ್ಟು ಮಾಡ್ಬಾರ್ದು ಅಂದ."

"ನಮ್ಮಣ್ಣ ಅಪರಂಜಿ" ಎಂದ ಮೈದುನ.

ಅವಳು ಗಂಡನ ಮುಖ ನೋಡಿದಳು. ಎರಡು ವರ್ಷ ಎದುರಿಗೆ ನಿಂತು ಇಲ್ಲ ಎಂದ ಬಾಯಿ. ಈಗ ಅದನ್ನು ಏನು ಕೇಳಿದರೂ ದಂಡ. ಬೈಯಲು ಎದುರಾಳಿಯೇ ಇರಲಿಲ್ಲ.

ಬೀದಿ ಕೊನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸು ಮೆಲ್ಲಗೆ ಪಕ್ಕಕ್ಕೆ ಬಂದಳು. "ಆ ಚೀಟೀಲಿ ಒಂದು ನನ್ನದು, ಅಕ್ಕಾ. ಪೇಪರಲ್ಲಿ ನಿಮ್ಮ ಪುಸ್ತಕದ ಸುದ್ದಿ ಬಂದಿತ್ತಲ್ಲ, ಅವತ್ತೇ ಬರೆದು ಹಾಕಿದ್ದೆ."

ಅವಳು ಆ ಕೈ ಹಿಡಿದುಕೊಂಡಳು. ಹೆಣದ ಮುಂದೆ ಕೇಳುವ ಮಾತಲ್ಲವೆಂದು ಗೊತ್ತಿದ್ದರೂ ಕೇಳಿದಳು. "ಹೇಗಿತ್ತು? ನಿನಗೆ ಹಿಡಿಸ್ತಾ?"

"ಓದೋಕೆ ಎಲ್ಲಿ ಸಿಕ್ತು ಅಕ್ಕಾ? ಲೈಬ್ರರಿಗೆ ಬರಲೇ ಇಲ್ವಲ್ಲ. ನಿಮ್ಮನ್ನೇ ಕೇಳೋಣ ಅಂದ್ರೆ, ಪುಕ್ಕಟೆ ಕೇಳಿದ ಹಾಗಾಗತ್ತೆ ಅಂತ ಸಂಕೋಚ. ಒಂದಾದ್ರೂ ಉಳಿದಿದ್ರೆ ಕೊಡಿ, ಈಗ್ಲಾದ್ರೂ ಓದ್ತೀನಿ."

"ಒಂದೂ ಇಲ್ಲ."

"ಹೋಗ್ಲಿ, ಹೇಗೆ ಶುರುವಾಗತ್ತೆ, ಅಷ್ಟಾದ್ರೂ ಹೇಳಿ."

ಹೇಗೆ ಶುರುವಾಗುತ್ತಿತ್ತು? ಒಬ್ಬ ಹೆಂಗಸು ಇದ್ದಳು. ಕಿಟಕಿ ತೆರೆಯುತ್ತಿದ್ದಳೋ, ಮುಚ್ಚುತ್ತಿದ್ದಳೋ. ಅವಳ ಹೆಸರು ಏನು?

ಅಷ್ಟರಲ್ಲಿ ಗಾಡಿ ಬಂತು. ನಾಲ್ವರು ಬಗ್ಗಿ ದೇಹವನ್ನು ಎತ್ತಿದರು. ಆ ಮೊದಲ ಸಾಲು ಹುಡುಕುತ್ತ ಅವಳ ತುಟಿ ಅಲುಗುತ್ತಿತ್ತು. ಗಂಡನಿಗೆ ಕೊನೆಯದಾಗಿ ಏನೋ ಹೇಳುತ್ತಿದ್ದಾಳೆ ಎಂದುಕೊಂಡು, ಹೊತ್ತವರು ಭಾರವನ್ನು ಹಾಗೇ ಹಿಡಿದು ಬಾಗಿಲಲ್ಲಿ ಕಾದು ನಿಂತರು.