ಬಾಯಲ್ಲಿ ಸದ್ದು ಮಾಡಿ ತೋರಿಸಿ

ಹಿಂದಿನ ಚಕ್ರವರ್ತಿಗಳ ಆಸ್ಥಾನಕ್ಕೆ ತಲೆ ತಗ್ಗಿಸದೆ ಹೋಗುವಂತಿರಲಿಲ್ಲವಂತೆ. ನಮ್ಮ ಭಾವನ ರಿಪೇರಿ ಶೆಡ್ಡಿಗೆ ಬರುವವರು, ಡಾಕ್ಟರಾಗಲಿ ನ್ಯಾಯಾಧೀಶರಾಗಲಿ, ತಮ್ಮ ಯಂತ್ರ ಹೇಗೆ ಕೂಗುತ್ತದೆಂದು ಮೊದಲು ತಮ್ಮ ಬಾಯಲ್ಲೇ ಕೂಗಿ ತೋರಿಸಬೇಕು. ನಿವೃತ್ತ ನ್ಯಾಯಾಧೀಶರೊಬ್ಬರು ನೀರಿನ ಪಂಪಿನ ಪರವಾಗಿ ‘ಗುರ್ ಗುರ್ ಟಪ್’ ಎಂದದ್ದನ್ನೂ, ಆ ‘ಟಪ್’ನಲ್ಲಿ ಸತ್ವ ಸಾಲದೆಂದು ಭಾವ ಅದನ್ನು ಮೂರು ಸಲ ಹೇಳಿಸಿದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಕೇಳುವಾಗ ಭಾವ ಕಣ್ಣು ಮುಚ್ಚಿ, ಕತ್ತನ್ನು ಬಲಕ್ಕೆ ವಾಲಿಸಿ, ಹುಟ್ಟಿದಾಗ ಯಾವ ಬಣ್ಣದ್ದಿತ್ತೋ ತಿಳಿಯದಷ್ಟು ಗ್ರೀಸ್ ಕುಡಿದ ಕೋಟಿನ ಜೇಬುಗಳಲ್ಲಿ ಎರಡೂ ಕೈ ಇಳಿಬಿಟ್ಟು, ಸಂಗೀತ ಕಚೇರಿಯ ಮುಂದಿನ ಸಾಲಿನ ರಸಿಕನಂತೆ ನಿಲ್ಲುತ್ತಾರೆ. ಶೆಡ್ಡಿನ ಮೇಲಿನ ಮನೆಯಿಂದ ಅಕ್ಕ ಒಣಹಾಕಿದ ಹೊದಿಕೆಗಳು ಸಾಮ್ರಾಜ್ಯದ ಪತಾಕೆಗಳಂತೆ ತಲೆಯ ಮೇಲೆ ಹಾರಾಡುತ್ತಿರುತ್ತವೆ.

ಮೊನ್ನೆ ಆ ಪತಾಕೆಗಳ ಕೆಳಗೆ ಮಹಾಯುದ್ಧವೇ ಬಂದು ನಿಂತಿತು. ಒಂದು ಪಕ್ಕದಲ್ಲಿ ಆಟದ ಮೈದಾನದ ಕಾರ್ಯದರ್ಶಿ, ಇನ್ನೊಂದು ಪಕ್ಕದಲ್ಲಿ ಅಲ್ಲಿನ ಮಾಲಿ, ನಡುವೆ ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರ.

“ಎರಡು ವಾರದಿಂದ ಇದು ಕಿರುಚ್ತಾ ಇದೆ. ಯಾಕಯ್ಯ ಅಂದ್ರೆ ಇವನು ಏನಂತಾನೆ, ಅವನ ಬಾಯಲ್ಲೇ ಕೇಳಿ!” ಎಂದರು ಕಾರ್ಯದರ್ಶಿ.

“ಇದ್ದದ್ದು ಹೇಳಿದೆ ಸಾರ್,” ಎಂದ ಮಾಲಿ. “ನಾನು ಹುಲ್ಲು ಹೊಡೆಯೋವಾಗ ಬೆಣ್ಣೆ ಥರ ಓಡುತ್ತೆ. ಇವರು ಹತ್ತಿರ ಬಂದ್ರೆ ಮಾತ್ರ ಕಿರುಚುತ್ತೆ.”

“ನೋಡಿದ್ರಾ ಕೊಬ್ಬು! ಇಪ್ಪತ್ತು ವರ್ಷದ ಹುಡುಗ ಅಂತ ಸುಮ್ಮನಿದ್ದೆ. ಇನ್ನು ಸಾಕು. ಮೈದಾನದ ಬೀಗದ ಕೈ ಕೊಟ್ಟು ಮನೆಗೆ ಹೋಗಲಿ.”

ಮಾಲಿಯ ಕೈ ಆಗಲೇ ಜೇಬಿಗೆ ಹೋಗಿತ್ತು; ಮುಖ ಮಾತ್ರ ಬಾಡಿತ್ತು. ಭಾವ ಅಂಗೈ ಎತ್ತಿದರು.

“ಬೀಗದ ಕೈ ಆಮೇಲೆ. ಮೊದಲು ಬಾಯಲ್ಲಿ ಸದ್ದು ಮಾಡಿ ತೋರಿಸಿ.”

“ಯಾರು, ನಾನಾ?”

“ಕೇಳಿಸಿಕೊಂಡವರು ನೀವು ತಾನೆ?”

ಕಾರ್ಯದರ್ಶಿಗಳು ರಸ್ತೆಯ ಎರಡೂ ಕಡೆ ನೋಡಿ, ಗಂಟಲು ಸರಿಮಾಡಿಕೊಂಡು, “ಕಿರ್ರ್ರ್! ಕಿರ್ರ್ರ್!” ಎಂದರು. ಮೇಲಿನಿಂದ ಅಕ್ಕ ಇಣುಕಿ, “ಏನ್ರೀ, ಯಾರಿಗೇನಾಯ್ತು?” ಎಂದು ಗಾಬರಿಯಿಂದ ಕೇಳಿದಳು.

ಭಾವನ ಕಣ್ಣು ತೆರೆಯಿತು. ಮಾಲಿಯತ್ತ ತಿರುಗಿದರು. “ಇವರು ಬಂದಾಗ ನೀನೇನು ಮಾಡ್ತೀಯ?”

“ಬ್ಲೇಡ್ ನಿಲ್ಲಿಸ್ತೀನಿ ಸಾರ್. ದೊಡ್ಡವರ ಕಾಲಿಗೆ ತಗುಲಿದ್ರೆ? ಎಂಜಿನ್ ಓಡ್ತಾನೇ ಇರುತ್ತೆ.”

“ಹೋದ ಮೇಲೆ?”

“ಮತ್ತೆ ಬ್ಲೇಡ್ ಹಾಕ್ತೀನಿ. ಸದ್ದೂ ಹೋಗುತ್ತೆ.”

“ಸಿಕ್ತು!” ಭಾವ ತೊಡೆ ತಟ್ಟಿದ ರಭಸಕ್ಕೆ ಕೋಟಿನಿಂದ ಧೂಳೆದ್ದಿತು. “ಮಾಲಿ ಹೇಳಿದ್ದು ನೂರಕ್ಕೆ ನೂರು ನಿಜ. ಎಂಜಿನ್ನಿಗೂ ಬ್ಲೇಡಿಗೂ ಗಂಟು ಹಾಕೋದು ಕ್ಲಚ್ಚು. ಬ್ಲೇಡ್ ಹಾಕಿದಾಗ ಅದರ ಎರಡೂ ಭಾಗ ಒಟ್ಟಿಗೆ ತಿರುಗ್ತವೆ. ನಿಲ್ಲಿಸಿದಾಗ ಒಂದು ತಿರುಗುತ್ತೆ, ಇನ್ನೊಂದು ಬಿಗಿದುಕೊಂಡು ನಿಂತಿರುತ್ತೆ. ನಡುವೆ ಸಿಕ್ಕಿದ ಬೇರಿಂಗು, ಪಾಪ, ಜಗಳ ಬಿಡಿಸೋಕೆ ಹೋದವನ ಹಾಗೆ ಅರಚುತ್ತೆ!”

ಆಮೇಲೆ ನಡೆದದ್ದನ್ನು ದಿಗ್ವಿಜಯವೆಂದೇ ಕರೆಯಬೇಕು. ಭಾವ ಯಂತ್ರದ ಅಡಿಗೆ ಅಂಗಾತ ನುಗ್ಗಿ, ಬೆಲ್ಟ್ ಕಳಚಿ, ಕ್ಲಚ್ಚಿನ ಗಾಲಿಯನ್ನು ಕೈಯಲ್ಲಿ ತಿರುಗಿಸಿದರು: ಒಳಗೆ ಮರಳು ಬಿದ್ದಂತೆ ಗರಗರ! ನಡುವಿನ ಬೋಲ್ಟ್ ಮೂರು ಜನರ ತೋಳಿಗೆ ಜಗ್ಗದೆ, ನಾಲ್ಕನೆಯವರಾಗಿ ಕಾರ್ಯದರ್ಶಿಗಳೇ ಟೈ ಹೆಗಲಿಗೆ ಎಸೆದು ಸ್ಪ್ಯಾನರಿಗೆ ಜೋತುಬಿದ್ದಾಗ ‘ಟಣ್’ ಎಂದು ಶರಣಾಯಿತು. ಹಳೆಯ ಬೇರಿಂಗ್ ಹೊರಬಿತ್ತು, ಹೊಸದು ಒಳಗೆ ಕೂತಿತು.

ಯಂತ್ರವನ್ನು ರಸ್ತೆಯ ಆಚೆಗೆ ತಳ್ಳಿ, ಬ್ಲೇಡ್ ಹಾಕದೆ ಎಂಜಿನ್ ಶುರು ಮಾಡಿದರು.

“ಈಗ ಹತ್ತಿರ ಬನ್ನಿ,” ಎಂದರು ಭಾವ, ಕಾರ್ಯದರ್ಶಿಗಳಿಗೆ.

ಅವರು ಒಂದು ಹೆಜ್ಜೆ ಇಟ್ಟರು. ಮಾಲಿ ಯಂತ್ರದತ್ತ ಬಗ್ಗಿ ಕಿವಿಗೊಟ್ಟ. ಇನ್ನೊಂದು ಹೆಜ್ಜೆ. ಯಂತ್ರ ಹೊಟ್ಟೆ ತುಂಬಿದ ಹಸುವಿನಂತೆ ಶಾಂತವಾಗಿ ಗುನುಗುತ್ತಿತ್ತು.

“ಅದಕ್ಕೂ ಈಗ ಇವರು ರೂಢಿಯಾದ್ರು ಬಿಡಿ,” ಎಂದ ಮಾಲಿ.

ಕಾರ್ಯದರ್ಶಿಗಳು ಸಿಟ್ಟಾಗಲು ಹೊರಟು, ನಕ್ಕುಬಿಟ್ಟರು. “ಬೀಗದ ಕೈ ಜೇಬಲ್ಲೇ ಇರಲಿ. ನಡಿ, ಹುಲ್ಲು ಮೊಣಕಾಲಿಗೆ ಬಂದಿದೆ.”

ಯಂತ್ರದ ದೂರನ್ನು ಯಾರಾದರೂ ಕೇಳಿಯಾರು. ಮನುಷ್ಯನ ಗಂಟಲಿನಿಂದ ಅದನ್ನು ಹೊರಡಿಸಿ, ಆರೋಪಿಗೂ ಒಂದು ಸರದಿ ಕೊಟ್ಟು, ಆಮೇಲೆ ಸ್ಪ್ಯಾನರ್ ಎತ್ತುವವರು ವಿರಳ. ಇಂಥವರ ಶೆಡ್ಡುಗಳಲ್ಲಿ ಸರಿಹೋಗುವುದು ಬರೀ ಕಬ್ಬಿಣವಲ್ಲ. ಈ ಭಾವಾವೇಶದಲ್ಲೇ ಕೇಳಿದೆ: “ದೊಡ್ಡವರ ಗರ್ವ ಇಳಿಸೋಕೆ ತಾನೆ ಭಾವ, ಈ ನಿಯಮ ಮಾಡಿದ್ದು?”

ಭಾವ ಕೈಯೊರೆಸುತ್ತ ತಲೆಯೆತ್ತಿ ಹೊದಿಕೆಗಳನ್ನು ನೋಡಿದರು.

“ಗರ್ವವೂ ಇಲ್ಲ, ಗಿರ್ವವೂ ಇಲ್ಲ ಕಣಯ್ಯ. ಇಲ್ಲಿ ಎಂಜಿನ್ ಶುರು ಮಾಡಿದ್ರೆ ನಿಮ್ಮಕ್ಕನ ಬಟ್ಟೆಗೆಲ್ಲ ಹೊಗೆ ಹಿಡಿಯುತ್ತೆ.”