ಬಿಗಿ ಪ್ಲೇಟು

ಸಿಂಧನೂರಿನಲ್ಲಿ ಡಿಫರೆನ್ಶಿಯಲ್, ಅಂದರೆ ಹಿಂದಿನ ಎರಡು ಗಾಲಿಗಳಿಗೆ ಇಂಜಿನಿನ ಜೋರು ಹಂಚುವ ಡಬ್ಬಿ, ಅದರ ಬಗ್ಗೆ ಮಾತಾಡದ ಗಂಡಸೇ ಇಲ್ಲ. ಭತ್ತದ ಊರು ಇದು. ಗದ್ದೆಗೆ ನೀರು ಬಿಟ್ಟು ಮಣ್ಣನ್ನು ಕೆಸರು ಮಾಡಿ ದಮ್ಮು ಹೊಡೆಯುವಾಗ ಟ್ರ್ಯಾಕ್ಟರಿನ ಒಂದು ಗಾಲಿ ಕೆಸರಿನಲ್ಲಿ ಸುಮ್ಮನೆ ತಿರುಗುತ್ತಾ ನಿಂತರೆ ಡಿಫರೆನ್ಶಿಯಲ್ ಲಾಕಿನ ಪೆಡಲ್ ತುಳಿಯಬೇಕು, ಆಗ ಎರಡೂ ಗಾಲಿ ಜೋಡಿಯಾಗಿ ತಿರುಗಿ ಗಾಡಿ ಮೇಲೆ ಬರುತ್ತದೆ ಎಂಬುದು ಇಲ್ಲಿ ಮೂರನೇ ಇಯತ್ತೆಯ ಮಕ್ಕಳಿಗೂ ಗೊತ್ತು. ಹೀಗಾಗಿ ನನ್ನ ಅಣ್ಣನ ಮಗಳು ಅಶ್ವಿನಿ ತನ್ನ ಕೆಂಪು ಸ್ಪೋರ್ಟ್ಸ್ ಕಾರಿಗೆ ಹೊಸ ಡಿಫರೆನ್ಶಿಯಲ್ ಹಾಕಿಸಲೋ ಬೇಡವೋ ಎಂದು ಯೋಚಿಸುತ್ತಿದ್ದಾಳೆಂಬ ಸುದ್ದಿ ಹಬ್ಬಿದ್ದೇ ತಡ, ಹಾಲಿನವನಿಂದ ಹಿಡಿದು ಬ್ಯಾಂಕ್ ಮ್ಯಾನೇಜರನವರೆಗೆ ಎಲ್ಲರೂ ಕೇಳದೇ ಸಲಹೆ ಕೊಟ್ಟರು. ಅವಳು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ನನ್ನ ಹತ್ತಿರ ಬಂದಳು.

ನಾನು ಸಂಗನಬಸವ. ಗಂಗಾವತಿ ರಸ್ತೆಯಲ್ಲಿ ನನ್ನ ಬೀಜ, ಗೊಬ್ಬರದ ಅಂಗಡಿ ಇದೆ. ದಢೇಸುಗೂರಿನಲ್ಲಿ ಕಾಲುವೆಗೆ ಹತ್ತಿದಂತೆ ಹೊಲ ಇದೆ. ಒಂದು ಕಾಲಕ್ಕೆ ನಾನು ಬಜಾರಿನಲ್ಲಿ ನಡೆದರೆ ಮಂದಿ "ಸಾವ್ಕಾರ್ರು ಬಂದ್ರು" ಎಂದು ಕುರ್ಚಿ ಬಿಟ್ಟು ಏಳುತ್ತಿದ್ದರು. ಈಗಲೂ ಏಳುತ್ತಾರೆ, ಆದರೆ ಎದ್ದವರೇ "ಅಶ್ವಿನಿ ಕಾಕಾ ಅಲ್ಲೇನ್ರಿ ನೀವು?" ಎಂದು ಹಲ್ಲು ಕಿಸಿಯುತ್ತಾರೆ. ಐವತ್ತೈದು ವರ್ಷ ಬೆವರು ಸುರಿಸಿ ಸಂಪಾದಿಸಿದ ಹೆಸರನ್ನು ಇಪ್ಪತ್ಮೂರರ ಹುಡುಗಿ ಒಂದು ಸ್ಟೇರಿಂಗ್ ಹಿಡಿದು ನುಂಗಿಬಿಟ್ಟಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳೇಕೆ ಹೇಳಲಿ?

ಆ ಕಾರು ನನ್ನ ಅಣ್ಣ ಚನ್ನು ಹೈದರಾಬಾದಿನ ಒಬ್ಬ ಡಾಕ್ಟರನಿಂದ ತಂದದ್ದು. ಎರಡೇ ಬಾಗಿಲು, ನೆಲಕ್ಕೆ ಮೂಗು ತಾಗಿಸಿದಂತೆ ಕೂತಿರುವ ಗಾಡಿ, ಹಿಂದಿನ ಗಾಲಿಗಳಿಂದ ಓಡುವಂಥದ್ದು. ತಂದು ಎರಡು ವರ್ಷಕ್ಕೆ ಅಣ್ಣ ಎದೆನೋವಿನಿಂದ ತೀರಿಹೋದ. ಆಗ ಅಶ್ವಿನಿ ಇನ್ನೂ ಕಾಲೇಜಿನಲ್ಲಿದ್ದಳು, ಗಾಡಿ ನನ್ನ ಹೆಸರಿಗೆ ಬಂತು. ನಾನೂ ಒಂದು ದಿನ ಬಿಳಿ ಅಂಗಿ ಹಾಕಿಕೊಂಡು ಅದನ್ನು ಬಜಾರಿಗೆ ತೆಗೆದೆ. ಸರ್ಕಲ್ಲಿನಲ್ಲಿ ನಾಲ್ಕು ಸಲ ಬಂದ್ ಬಿತ್ತು. ಆಟೋದವರು ಇಳಿದು ಬಂದು, ನಗುತ್ತಾ ತಳ್ಳಿದರು. ಮರುದಿನ ಅದೇ ಸರ್ಕಲ್ಲಿನಲ್ಲಿ ಅಶ್ವಿನಿ ಅದನ್ನು ಬೆಣ್ಣೆಯಲ್ಲಿ ಕೂದಲು ಎಳೆದಷ್ಟು ಸಲೀಸಾಗಿ ತಿರುಗಿಸಿಕೊಂಡು ಹೋದಳು. ಅವಳಿಗೆ ಹನ್ನೆರಡನೇ ವರ್ಷಕ್ಕೆ ಟ್ರ್ಯಾಕ್ಟರ್ ಕಲಿಸಿದವನು ನಾನೇ, ಅದನ್ನು ಮಾತ್ರ ಯಾರೂ ನೆನೆಸಲಿಲ್ಲ.

ಲಿಂಗಸುಗೂರಿನ ಹೊರಗೆ ಮೊರಂ ಮಣ್ಣು ಹಾಕಿ ರೋಲರ್ ಹೊಡೆದ ಮೈದಾನದಲ್ಲಿ ಕಾರುಗಳ ಸ್ಪರ್ಧೆ ನಿಗದಿಯಾಗಿತ್ತು. ಒಂದೊಂದೇ ಗಾಡಿ ಬಿಡುತ್ತಾರೆ, ನಿಲ್ಲಿಸಿದ ಕೋನುಗಳ ನಡುವೆ ಸುತ್ತಿ ಬರಬೇಕು, ಗಡಿಯಾರ ಹಿಡಿದು ನೋಡುತ್ತಾರೆ. ಅವಳು ಹೋಗಲು ನನ್ನ ಒಪ್ಪಿಗೆ ಕೇಳಿದಳು. ನಾನು ಒಂದು ಷರತ್ತು ಹಾಕಿದೆ.

"ಮೊದಲ ಮೂರ್ರಾಗ ಬಂದ್ರ ಗಾಡಿ ನಿನ್ನ ಹೆಸರಿಗೆ ಬರಕೊಡ್ತೀನಿ, ಮತ್ತ ಒಂದ್ ಮಾತ್ ಅನ್ನಂಗಿಲ್ಲ. ಬರಲಿಲ್ಲಂದ್ರ ಗಾಡಿ ಮಾರತೀನಿ. ಮುಂದ ನೀ ಸ್ಟೇರಿಂಗ್ ಮುಟ್ಟಂಗಿಲ್ಲ."

"ಆತು ಕಾಕಾ," ಎಂದಳು, ನಗುತ್ತಾ. ಎರಡನೇ ಸಲ ಯೋಚನೆಯನ್ನೂ ಮಾಡಲಿಲ್ಲ. ಅಷ್ಟು ಭರವಸೆ ತನ್ನ ಕೈಯ ಮೇಲೆ.

ಅವಳ ಭರವಸೆ ಸುಳ್ಳಾಗಿರಲಿಲ್ಲ ಎಂಬುದೇ ನನ್ನ ಸಂಕಟ. ನನ್ನ ಅಂಗಡಿಯ ಹಿಂದಿನ ಜಾಗದಲ್ಲಿ ಬಂದೇಸಾಬನ ಶೆಡ್ಡಿದೆ. ಮೂವತ್ತು ವರ್ಷದಿಂದ ಟ್ರ್ಯಾಕ್ಟರ್ ಬಿಚ್ಚಿ ಕಟ್ಟುತ್ತಾ ಬಂದವನು, ಅಶ್ವಿನಿಯ ಕಾರನ್ನೂ ಅವನೇ ನೋಡಿಕೊಳ್ಳುತ್ತಿದ್ದ. ಖಾಲಿ ಬಿದ್ದ ಗಂಜ್ ಮಾರುಕಟ್ಟೆಯ ಅಂಗಳದಲ್ಲಿ ಡಬ್ಬಿಗಳನ್ನು ನಿಲ್ಲಿಸಿ ಅವಳನ್ನು ಓಡಿಸುತ್ತಿದ್ದ, ಮೊಬೈಲಿನಲ್ಲಿ ಸೆಕೆಂಡು ಎಣಿಸುತ್ತಿದ್ದ. ಹೋದ ವರ್ಷದ ಸ್ಪರ್ಧೆಯ ವಿಡಿಯೋ ಹಾಕಿ ಅದೇ ಸುತ್ತನ್ನು ಅಳೆದು ನಿಲ್ಲಿಸಿದ್ದನಂತೆ. ಅವಳು ಹೋದ ವರ್ಷ ಮೊದಲು ಬಂದವನಿಗಿಂತ ಎರಡು ಸೆಕೆಂಡು ಮುಂದಿದ್ದಳು.

ಒಂದೇ ತೊಂದರೆ ಇತ್ತು. ಕಾರು ತಿರುವಿನಲ್ಲಿ ಹೋಗುವಾಗ ಹೊರಗಿನ ಗಾಲಿ ಹೆಚ್ಚು ಓಡಬೇಕು, ಒಳಗಿನದು ಕಡಿಮೆ. ಡಿಫರೆನ್ಶಿಯಲ್ ಅದಕ್ಕೆ ಬಿಡುತ್ತದೆ. ಅವಳ ಕಾರಿನ ಡಿಫರೆನ್ಶಿಯಲ್ಲಿನಲ್ಲಿ ಪ್ಲೇಟುಗಳಿದ್ದು, ಒಂದು ಗಾಲಿ ಸುಮ್ಮನೆ ತಿರುಗಿ ಇಂಜಿನಿನ ಜೋರು ಪೋಲಾಗದಂತೆ ಅವು ಹಿಡಿಯುತ್ತವೆ. ಆ ಪ್ಲೇಟುಗಳು ಸವೆದಿದ್ದವು. ಅವನ್ನಷ್ಟೇ ಬದಲಿಸುವುದು ಒಂದು ದಾರಿ. ಮುಂಬೈಯಿಂದ ಹೊಸ ಬಿಗಿ ಡಿಫರೆನ್ಶಿಯಲ್ಲನ್ನೇ ತರಿಸಿ ಕೂರಿಸುವುದು ಇನ್ನೊಂದು. ದೊಡ್ಡ ದೊಡ್ಡ ರೇಸಿನವರು ಎರಡನೆಯದನ್ನೇ ಹಾಕಿಸುತ್ತಾರೆಂದು ಅವಳು ಎಲ್ಲೆಲ್ಲೋ ಓದಿದ್ದಳು.

ಬಂದೇಸಾಬ ಅವಳಿಗಿಂತ ಮೊದಲು ನನ್ನಲ್ಲಿಗೆ ಬಂದ. ಗ್ರೀಸಿನ ಕೈಯನ್ನು ಅರಿವೆಗೆ ಒರೆಸುತ್ತಾ ಬಾಗಿಲಲ್ಲೇ ನಿಂತ.

"ಸಾವ್ಕಾರ್ರ, ಆ ಮೈದಾನ ನಾ ಹೋಗಿ ನೋಡಿ ಬಂದೀನ್ರಿ. ಎಲ್ಲಾ ಸಣ್ಣ ಸಣ್ಣ ತಿರುವು ಅದಾವ, ಮ್ಯಾಲ ಸಣ್ಣ ಹಳ್ಳು-ಕಲ್ಲು. ಅಲ್ಲಿ ಬಿಗೀದು ನಡಿಯಂಗಿಲ್ರಿ. ಹಿಂದಿನ ಎರಡೂ ಗಾಲಿ ಜೋಡಿ ಹಿಡಕೊಂಡು ಮೂತಿನ ಸೀದಾ ದಬ್ಬತಾವ. ಲಾಕ್ ತುಳದು ಟ್ರ್ಯಾಕ್ಟರ್ ತಿರುವಿ ನೋಡ್ರಿ, ತಿರುಗತೈತೇನು? ಹಳೇದಕ್ಕ ಪ್ಲೇಟ್ ಹಾಕಿ ಹೊಸಾ ಎಣ್ಣಿ ಸುರುವಿ ಕೊಡ್ತೀನಿ, ಬೇಟಿ ಒಂದನೇ ನಂಬರ್ ಬರತಾಳ. ನಾ ಹೇಳಿದ್ರ ಹಳೇ ಕಾಲದಾಂವ ಅಂತಾಳ. ನೀವ ಹೇಳ್ರಿ, ನಿಮ್ಮ ಮಾತಂದ್ರ ದೇವರ ಮಾತು ಅಕಿಗೆ."

"ಹೇಳತೀನಿ ಬಿಡು," ಎಂದೆ.

ಅವನಿಗೆ ಚಹಾ ತರಿಸಿ ಕುಡಿಸಿ ಕಳಿಸಿದೆ. ಅವನು ಹೋದ ಮೇಲೆ ನನ್ನ ಮನಸ್ಸು ಎಷ್ಟು ಹಗುರಾಯಿತೆಂದರೆ, ಒಂದು ಚೀಲ ಬೀಜ ವಾಪಸ್ ತಂದಿದ್ದ ರೈತನ ಜೊತೆಗೂ ಜಗಳ ಆಡಲಿಲ್ಲ.

ಅಶ್ವಿನಿ ಮಧ್ಯಾಹ್ನ ಬಂದಳು. ಕೌಂಟರಿನ ಮೇಲೆ ಕೈಯೂರಿ ನಿಂತು, "ಕಾಕಾ, ತಲಿ ಕೆಟ್ಟುಹೋಗೇತಿ. ಹಳೇದಕ್ಕ ಪ್ಲೇಟ್ ಹಾಕಸ್ಲೋ, ಹೊಸಾದು ತರಸ್ಲೋ? ನೀವು ಹ್ಯಾಂಗ ಹೇಳತೀರಿ ಹಂಗ," ಎಂದಳು.

"ದಢೇಸುಗೂರು ಹೊಲದಾಗ ನೀ ಮೊದಲನೇ ಸಲ ಟ್ರ್ಯಾಕ್ಟರ್ ಕೆಸರಿನಾಗ ಹುಗಿಸಿದ್ದು ನೆನಪೈತೇನು?" ಎಂದೆ.

ಅವಳ ಮುಖ ಅರಳಿತು. "ಅಳಾಕತ್ತಿದ್ದೆ ನಾ. ನೀವು ಬದುವಿನ ಮ್ಯಾಲ ನಿಂತು, ಲಾಕ್ ತುಳಿ, ಎಕ್ಸಲೇಟರ್ ಬಿಡಬ್ಯಾಡ, ಬಿಟ್ರ ಕೆಟ್ಟಿ ಅಂತ ಒದರಿದ್ರಿ. ಬಿಡಲಿಲ್ಲ. ಬಂತು."

"ಅಷ್ಟ. ಎರಡೂ ಗಾಲಿ ಕೂಡಿ ದುಡದ್ರ ಗಾಡಿ ಎಲ್ಲೂ ನಿಂದ್ರಂಗಿಲ್ಲ. ಹೊಸಾದು ಹಾಕಸು."

ದಡ್ಡಿಯಲ್ಲ ಅವಳು. "ಖರೆ ಕಾಕಾ, ಲಾಕ್ ತುಳದಾಗ ಟ್ರ್ಯಾಕ್ಟರ್ ತಿರುಗಂಗಿಲ್ಲಲ್ಲ?"

"ಅದು ಕಬ್ಬಿಣದ ಹಲ್ಲು, ಇದು ಪ್ಲೇಟು. ಬೇಕಾದಾಗ ತಾನ ಜಾರತೈತಿ. ಮೂತಿ ಒಂದೀಟು ಹಟ ಮಾಡ್ತು ಅನಸಿದ್ರ ಎಕ್ಸಲೇಟರ್ ಬಿಡಬ್ಯಾಡ, ಒತ್ತು. ಕೆಸರಿನಾಗ ಕಲತಾಕಿ ನೀ, ನಾ ಏನ್ ಹೇಳೂದೈತಿ."

ಅರ್ಧ ನಿಜ ಹೇಳುವುದರಲ್ಲಿ ನಾನು ಪಳಗಿದವನು. ಅಂಗಡಿ ನಡೆಸಿದವನಿಗೆ ಅಷ್ಟೂ ಬಾರದಿದ್ದರೆ ಹೇಗೆ? ಅವಳು ಅಲ್ಲೇ ನಿಂತು ಮೊಬೈಲಿನಲ್ಲಿ ಹೊಸದಕ್ಕೆ ಹೇಳಿಬಿಟ್ಟಳು.

ಪಾರ್ಸಲ್ ಬಂದ ದಿನ ಬಂದೇಸಾಬ ಓಡಿಬಂದ. "ಸಾವ್ಕಾರ್ರ, ನೀವು ಹೇಳಲಿಲ್ಲೇನ್ರಿ? ಬೇಟಿ ನೀವ ಬಿಗೀದು ಹಾಕಸಂದ್ರಿ ಅನ್ನಾಕತ್ಯಾಳ!"

ನಾನು ತಕ್ಕಡಿಯಿಂದ ಕಣ್ಣೆತ್ತಲಿಲ್ಲ. "ಬಂದೇಸಾಬ, ನಿನ್ನ ಶೆಡ್ ನಿಂತಿರೋ ಜಾಗ ಯಾರದು?"

ಅವನು ಕೈಯಲ್ಲಿದ್ದ ಗ್ರೀಸಿನ ಅರಿವೆಯನ್ನು ಮಡಚಿ ಜೇಬಿಗೆ ಹಾಕಿದ.

"ಜಾಗ ಖಾಲಿ ಮಾಡು ಅಂತ ಒಂದ್ ಮಾತು ಅಂದ್ರ, ನಿನ್ನ ಸಾಮಾನು ಎಲ್ಲಿ ಒಯ್ದು ಇಡ್ತಿ ಈ ವಯಸ್ಸಿನಾಗ? ಅಕಿ ಏನ್ ಕೇಳ್ಯಾಳ ಅದನ್ನ ಕೂಡಿಸಿ ಕೊಡು. ಬಾಯಿ ತೆರಿಬ್ಯಾಡ."

ಅವನು ಹೋಗಿ ಅದನ್ನು ಕೂರಿಸಿಕೊಟ್ಟ. ಕೆಲಸ ಮಾತ್ರ ಅಚ್ಚುಕಟ್ಟು, ಅದರಲ್ಲಿ ಮೋಸ ಮಾಡುವ ಜಾತಿಯ ಮನುಷ್ಯನಲ್ಲ ಅವನು.

ಸ್ಪರ್ಧೆಯ ದಿನ ಬೆಳಿಗ್ಗೆ ಹೊರಟೆವು. ಅಶ್ವಿನಿ ಕಾರಿನಲ್ಲಿ, ನಾನು ಮತ್ತು ಬಂದೇಸಾಬ ಹಿಂದೆ ನನ್ನ ಜೀಪಿನಲ್ಲಿ. ಗದ್ದೆಗಳು ಮುಗಿದು ಒಣಭೂಮಿ ಶುರುವಾಗುವ ಹೊತ್ತಿಗೆ ಮಸ್ಕಿ ಬಂತು. ಬಸ್‌ಸ್ಟ್ಯಾಂಡಿನ ಎದುರು ಒಗ್ಗರಣೆ ಮಂಡಕ್ಕಿ ತಿನ್ನಲು ನಿಂತೆವು. ಅಶ್ವಿನಿ ತಟ್ಟೆ ಮುಟ್ಟಲಿಲ್ಲ.

"ಕಾಕಾ, ಗಾಡಿ ಯಾಕೋ ಬರೋಬ್ಬರಿ ಇಲ್ಲ. ಸ್ಟ್ಯಾಂಡಿನ ತಿರುವಿನಾಗ ಹಿಂದಿನ ಗಾಲಿ ಚೀರತಾವ, ಸ್ಟೇರಿಂಗ್ ತಿರುವಿದ್ರೂ ಸೀದಾ ಹೊಕ್ಕೇತಿ. ಬಂದೇಸಾಬ್ ಚಾಚಾ ಹಳೇದಕ್ಕ ಪ್ಲೇಟ್ ಹಾಕಿ ಜೀಪಿನಾಗ ತಂದಾನಂತ. ಮೈದಾನದಾಗ ಎರಡು ತಾಸಿನಾಗ ಬದಲಿ ಮಾಡತೀನಿ ಅಂತಾನ. ಮಾಡಸ್ಲೇನು?"

ನಾನು ಬಂದೇಸಾಬನ ಕಡೆ ನೋಡಿದೆ. ಅವನು ನೆಲ ನೋಡುತ್ತಾ ನಿಂತಿದ್ದ. ಶೆಡ್ಡು ಹೋದರೂ ಹೋಗಲಿ ಎಂದು ಆ ಕಬ್ಬಿಣದ ಗಂಟನ್ನು ಗೋಣಿಚೀಲದಲ್ಲಿ ಸುತ್ತಿ ನನ್ನ ಜೀಪಿನಲ್ಲೇ ತಂದಿದ್ದ ಮುದುಕ. ನನಗೆ ಸಿಟ್ಟು ನೆತ್ತಿಗೇರಿತು.

ಆ ಕ್ಷಣದಲ್ಲಿ "ಹೂಂ" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು, ಚಿಕ್ಕವಳಿದ್ದಾಗ ಬದುವಿನ ಕಡೆ ನೋಡಿದ ಹಾಗೆ. ನನಗೆ ಒಂಚೂರು ಕನಿಕರ ಬಂತು, ಇಲ್ಲವೆನ್ನುವುದಿಲ್ಲ. ಅಷ್ಟರಲ್ಲಿ ಪಕ್ಕದ ಟೇಬಲ್ಲಿನವನು ಎದ್ದು ಬಂದು, "ಅಶ್ವಿನಿಯವರ ಕಾಕಾ ಅಲ್ರಿ ನೀವು? ಅವರ ಜೋಡಿ ಒಂದು ಫೋಟೋ ತಗೀರಲ್ಲ," ಎಂದು ತನ್ನ ಮೊಬೈಲನ್ನು ನನ್ನ ಕೈಗೆ ಕೊಟ್ಟ. ನಾನು ಫೋಟೋ ತೆಗೆದೆ. ಫೋಟೋದಲ್ಲಿ ನಾನಿರಲಿಲ್ಲ.

"ಹೊಸಾ ಚಪ್ಲಿ ಮೊದಲ ದಿನ ಕಡಿಯಂಗಿಲ್ಲೇನು?" ಎಂದೆ ಅವಳಿಗೆ. "ಅಂಜಬ್ಯಾಡ. ಬದಲಿ ಗಿದಲಿ ಏನೂ ಬ್ಯಾಡ."

"ಆತು ಕಾಕಾ," ಎಂದು ಅವಳು ತಟ್ಟೆ ಎಳೆದುಕೊಂಡು ತಿಂದಳು.

ಲಿಂಗಸುಗೂರಿನ ಮೈದಾನದಲ್ಲಿ ಮೂವತ್ತೆರಡು ಗಾಡಿಗಳು, ಜನವೋ ಜನ. ಪ್ರತಿಯೊಬ್ಬರಿಗೂ ಎರಡು ಸಲ ಅವಕಾಶ. ಅವಳ ಸರದಿ ಬಂದಾಗ ಸಿಂಧನೂರಿನ ಹುಡುಗರು ಸಿಳ್ಳೆ ಹಾಕಿದರು. ಮೊದಲ ಎರಡು ತಿರುವು ಅಗಲವಾಗಿದ್ದವು, ಆ ಬಿಗಿ ಡಬ್ಬಿ ಅಲ್ಲಿ ಗಾಡಿಯನ್ನು ಬಾಣದ ಹಾಗೆ ಬಿಟ್ಟಿತು. ಗೆದ್ದೇಬಿಡುತ್ತಾಳೋ ಎಂದು ಒಮ್ಮೆ ಹೆದರಿದೆ. ಮೂರನೆಯದು ಪೂರ್ತಿ ಹಿಂದಕ್ಕೆ ತಿರುಗುವ ಸಣ್ಣ ತಿರುವು. ಮುಂದಿನ ಗಾಲಿಗಳು ಪೂರ್ತಿ ಹೊರಳಿದ್ದು ನನಗೆ ಕಾಣುತ್ತಿತ್ತು. ಗಾಡಿ ಮಾತ್ರ ಸೀದಾ ಹೋಗುತ್ತಿತ್ತು, ಸಣ್ಣ ಕಲ್ಲುಗಳ ಮೇಲೆ ಜಾರುತ್ತಾ. ಬೇರೆ ಯಾರಾದರೂ ಎಕ್ಸಲೇಟರಿನಿಂದ ಕಾಲು ತೆಗೆಯುತ್ತಿದ್ದರು. ಅವಳು ನಾನು ಹೇಳಿಕೊಟ್ಟ ಹಾಗೆ ಒತ್ತಿದಳು. ಇಂಜಿನ್ ಕಿರುಚಿತು, ಕೋನುಗಳು ಹಾರಿದವು, ಗಾಡಿ ಹೋಗಿ ಟೈರಿನ ಗೋಡೆಗೆ ಮೂತಿ ಹೊಡೆಯಿತು.

"ದಮ್ಮು ಹೊಡಿಯಾಕ ಬಂದಾಳಲೇ ಅಕಿ!" ಎಂದು ಯಾರೋ ಕೂಗಿದರು. ಮೈದಾನವೆಲ್ಲ ನಕ್ಕಿತು. ನಾನೂ ನಕ್ಕೆ. ಬಂದೇಸಾಬ ಒಬ್ಬನೇ ನಗಲಿಲ್ಲ.

ಎರಡನೇ ಸಲ ಅವಳು ಹೆದರಿ ಹೆದರಿ ಓಡಿಸಿದಳು. ಅದೇ ತಿರುವಿನಲ್ಲಿ ಮೂತಿ ಮತ್ತೆ ಮೊಂಡು ಹಿಡಿಯಿತು. ಅವಳು ಕಾಲು ತೆಗೆದು ಮತ್ತೆ ಒತ್ತಿದಾಗ ಬಾಲ ತಿರುಗಿ ಗಾಡಿ ಬಂದ ದಾರಿಗೇ ಮುಖ ಮಾಡಿ ನಿಂತಿತು. ಎಲ್ಲ ಮುಗಿದು ಬೋರ್ಡಿಗೆ ಹಚ್ಚಿದಾಗ ಅವಳ ಹೆಸರು ಇಪ್ಪತ್ತೊಂಬತ್ತನೆಯದು. ವಾಪಸ್ ಬರುವಾಗ ಅವಳು ಜೀಪಿನ ಹಿಂದಿನ ಸೀಟಿನಲ್ಲಿ ಕೂತಳು, ಕಾರನ್ನು ಬಂದೇಸಾಬ ತಂದ.

ಸೋಮವಾರ ಬೆಳಿಗ್ಗೆ ಅಂಗಡಿಗೆ ಬಂದಳು. ಎರಡು ರಾತ್ರಿ ಅತ್ತ ಕಣ್ಣು. ಕಾರಿನ ಕೀಲಿಯನ್ನು ಕೌಂಟರಿನ ಮೇಲಿಟ್ಟಳು.

"ನೀವು ಬರೋಬ್ಬರಿ ಹೇಳಿದ್ರಿ ಕಾಕಾ. ಸಾಮಾನು ಚಲೋನ ಇತ್ತು. ಅದನ್ನ ಓಡಸಾಕ ನನಗ ಬರಲಿಲ್ಲ."

ನಾನು ಕೀಲಿಯನ್ನು ಎತ್ತಿ ಗಲ್ಲಾಪೆಟ್ಟಿಗೆಗೆ ಹಾಕಿದೆ.

"ಬಂದೇಸಾಬ್ ಚಾಚಾ ನಿನ್ನೆ ಮನಿಗೆ ಬಂದಿದ್ದ. ನಿಮಗ ಮೊದಲ ಗೊತ್ತಿತ್ತಂತ, ಬೇಕಂತ ಹೇಳಿದ್ರಂತ, ಏನೇನೋ ಒದರಾಕತ್ತಿದ್ದ. ನನ್ನ ಕಾಕಾನ ಸುದ್ದಿ ಎತ್ತಿದ್ರ ನಾಲಿಗಿ ಕಿತ್ತೇನು ಅಂತ ಬೈದು ಹೊರಗ ಹಾಕೀನಿ. ಅಳಕೋಂತ ಹೋದ."

"ವಯಸ್ಸಾಗೇತಿ ಅವಗ," ಎಂದೆ. "ಬಿಡು."

ಅವಳು ಹೋಗಲಿಲ್ಲ. ಬೀಜದ ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಳು. "ಒಂದ್ ಮಾತ್ ಕೇಳಲೇನ್ರಿ? ಖರೆ ಹೇಳಬೇಕು. ನಾ ಸಣ್ಣಾಕಿ ಇದ್ದಾಗ, ನಿನ್ನಂಗ ಗಾಡಿ ಓಡಸೋರು ಈ ಸೀಮ್ಯಾಗ ಇಲ್ಲ ಅಂತಿದ್ರಿ. ಅದು ಖರೇನ ಇತ್ತೇನು? ಇಲ್ಲಾ ನನ್ನ ಮನಸ್ಸು ನೋಯಬಾರದಂತ ಅಂತಿದ್ರೇನು?"

ಖರೆ ಹೇಳುವುದಾದರೆ, ಅವಳಂಥ ಕೈ ನಾನು ಜನ್ಮದಲ್ಲಿ ನೋಡಿಲ್ಲ. ಹನ್ನೆರಡು ವರ್ಷದ ಹುಡುಗಿ ಮೊಣಕಾಲುದ್ದ ಕೆಸರಿನಲ್ಲಿ ಆ ದೊಡ್ಡ ಟ್ರ್ಯಾಕ್ಟರನ್ನು ತಂದು ಬದುವಿಗೆ ಹಚ್ಚಿದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಗಾಡಿ ನನ್ನ ಕೈಗೆ ಬಂದಿತ್ತು, ಷರತ್ತು ಗೆದ್ದಿದ್ದೆ. ಇನ್ನು ಆ ಒಂದು ಮಾತನ್ನಾದರೂ ಅವಳಿಗೆ ಬಿಟ್ಟುಕೊಡಬಹುದಿತ್ತು. ಅದರಿಂದ ನನಗೆ ಕಳೆದುಕೊಳ್ಳುವುದು ಏನೂ ಇರಲಿಲ್ಲ.

"ಹುಡುಗಿ ಅದಿ, ಬ್ಯಾಸರ ಮಾಡ್ಕೋಬಾರದಂತ ಅಂತಿದ್ದೆ," ಎಂದೆ.

ಅವಳು ತಲೆಯಾಡಿಸಿದಳು. "ನಾನೂ ಹಂಗ ಅನಕೊಂಡೆ," ಎಂದು ಬಗ್ಗಿ ನನ್ನ ಕಾಲು ಮುಟ್ಟಿ, ರಸ್ತೆ ದಾಟಿ ಹೋಗಿ ಆಟೋ ಹತ್ತಿದಳು.